ಕೀಲುನೋವು: ಲಕ್ಷಣವೊಂದು, ರೋಗ ಹಲವು

ಪಾಠಶಾಲೆಯು ಕೈಗಳ ದುಡಿಮೆಯಿಂದ ನಡೆಯುವ ಸಂಸ್ಥೆ. ಕರಿಹಲಗೆಯ ಮೇಲೆ ಬರೆಯುವ ಶಿಕ್ಷಕರ ಕೈ, ಪ್ರಸಾದನಿಲಯದಲ್ಲಿ ದಿನವೂ ನೂರಾರು ರೊಟ್ಟಿ ತಟ್ಟುವ ತಾಯಂದಿರ ಕೈ, ಪರೀಕ್ಷೆಯ ದಿನ ಮೂರು ಗಂಟೆ ಬಿಡುವಿಲ್ಲದೆ ಬರೆಯುವ ವಿದ್ಯಾರ್ಥಿಯ ಕೈ, ಇವುಗಳ ಮೇಲೆಯೇ ಸಂಸ್ಥೆಯ ನಿತ್ಯದ ಬಾಳು ನಿಂತಿರುತ್ತದೆ. ಇಂತಹ ಕೈಯೊಂದು ಒಂದು ಮುಂಜಾನೆ ಮುಷ್ಟಿ ಕಟ್ಟಲಾರದೆ ಹೋದಾಗ ಮನೆಯವರು ಅದನ್ನು ವಾಯು ಎನ್ನುತ್ತಾರೆ; ನೆರೆಯವರು ಚಳಿಯೆನ್ನುತ್ತಾರೆ; ನೋವುಂಡವರು ವಯಸ್ಸಾಯಿತೆಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಾರೆ. ಎಣ್ಣೆಯ ತಿಕ್ಕಾಟ, ಬಿಸಿನೀರಿನ ಶಾಖ, ಅಂಗಡಿಯಿಂದ ತಂದ ನೋವಿನ ಗುಳಿಗೆ, ಇವುಗಳಲ್ಲಿ ತಿಂಗಳುಗಳು ಉರುಳುತ್ತವೆ. ಕೆಲವರ ವಿಷಯದಲ್ಲಿ ಇದರಿಂದ ಹೆಚ್ಚಿನ ಹಾನಿಯಾಗದು. ಆದರೆ ಮತ್ತೆ ಕೆಲವರ ವಿಷಯದಲ್ಲಿ ಆ ತಿಂಗಳುಗಳೇ ಮುಂದಿನ ಬಾಳಿನ ಸ್ವರೂಪವನ್ನು ನಿರ್ಧರಿಸಿಬಿಡುತ್ತವೆ.

ವಿಷಯದ ವಿವೇಚನೆಗಾಗಿ ಒಂದೇ ಶಾಲೆಗೆ ಸಂಬಂಧಿಸಿದ ಐವರನ್ನು ಕಲ್ಪಿಸಿಕೊಳ್ಳಬಹುದು. ಅಡುಗೆಯ ಹೊಣೆ ಹೊತ್ತ ನಲವತ್ತು ವಯಸ್ಸಿನ ತಾಯಿ. ಪದವಿಪೂರ್ವ ತರಗತಿಯ ಹದಿನೇಳರ ವಿದ್ಯಾರ್ಥಿನಿ. ನಲವತ್ತೈದು ದಾಟಿದ ಗಣಿತದ ಶಿಕ್ಷಕರು. ಶಾಲೆಯಲ್ಲಿ ಓದಿ ಹೊರಟು ನೌಕರಿಗೆ ಸೇರಿದ ಇಪ್ಪತ್ತಾರರ ತರುಣ. ಐದನೆಯ ತರಗತಿಯ ಹತ್ತು ವರ್ಷದ ಬಾಲಕ. ಐವರದೂ ಒಂದೇ ದೂರು: ಕೀಲು ನೋಯುತ್ತಿದೆ. ಆದರೆ ಐವರ ರೋಗವೂ ಬೇರೆ, ಚಿಕಿತ್ಸೆಯೂ ಬೇರೆ. ಒಬ್ಬರಿಗೆ ಹಿತವಾದ ಉಪಾಯವು ಇನ್ನೊಬ್ಬರಿಗೆ ಕೇಡಾಗಬಲ್ಲದು. ಇವರನ್ನು ಪ್ರತ್ಯೇಕಿಸಿ ಗುರುತಿಸುವ ಬಗೆ ಹೇಗೆಂಬುದೇ ಪ್ರಸ್ತುತ ಲೇಖನದ ವಸ್ತು.

ವಿಭಜನೆಯ ಇತಿಹಾಸ

ಕೀಲುರೋಗಗಳೆಲ್ಲವೂ ಒಂದೇ ಅಲ್ಲವೆಂಬ ಅರಿವು ಹೊಸತಲ್ಲ. ಚರಕಸಂಹಿತೆಯು ವಾತರಕ್ತವನ್ನು ಇತರ ವಾತವ್ಯಾಧಿಗಳಿಂದ ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಮುಂದೆ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಆಮವಾತವೆಂಬ ಬೇರೊಂದು ರೋಗವನ್ನು ವಿವರಿಸಿದನು. ಪಾಶ್ಚಾತ್ಯ ವೈದ್ಯದಲ್ಲಿ 1800ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೆ ಎಂಬ ತರುಣ ವೈದ್ಯನು ಬಡ ಸ್ತ್ರೀಯರಲ್ಲಿ ಹೆಚ್ಚಾಗಿ ಕಂಡ ಒಂದು ಕೀಲುರೋಗವನ್ನು ತನ್ನ ಪ್ರಬಂಧದಲ್ಲಿ ವರ್ಣಿಸಿದನು. ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಅಧಿಕವಾಗಿರುವುದನ್ನು ತೋರಿಸಿ, ಆ ರೋಗವನ್ನು ಉಳಿದವುಗಳಿಂದ ಬೇರೆ ಮಾಡಿದನು. 1859ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಭಜನೆಗೆ ರಕ್ತಪರೀಕ್ಷೆಯ ಬೆಂಬಲ ದೊರೆಯಿತು. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಮುಂದೆ ರುಮಟಾಯ್ಡ್ ಫ್ಯಾಕ್ಟರ್ ಎಂದು ಹೆಸರಾದ ವಸ್ತುವಿನ ಸುಳಿವನ್ನು ಪ್ರಕಟಿಸಿದನು. 1948ರಲ್ಲಿ ಅಮೆರಿಕದ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗದಲ್ಲಿ ಕಾಣುವ ವಿಶಿಷ್ಟ ಕೋಶವನ್ನು ವಿವರಿಸಿದರು. 1973ರಲ್ಲಿ ಬೆನ್ನುಮೂಳೆಯ ಬಿಗಿತದ ರೋಗಕ್ಕೂ ಎಚ್.ಎಲ್.ಎ.-ಬಿ27 ಎಂಬ ಆನುವಂಶಿಕ ಗುರುತಿಗೂ ಇರುವ ಗಾಢ ಸಂಬಂಧವು ಬೆಳಕಿಗೆ ಬಂದಿತು. ಹೀಗೆ ಒಂದೇ ಹೆಸರಿನ ಕೆಳಗೆ ಅಡಗಿದ್ದ ರೋಗಗಳು ಒಂದೊಂದಾಗಿ ಬೇರೆಯಾದುವು.

ತನ್ನದನ್ನೇ ಪರಕೀಯವೆಂದೆಣಿಸುವ ಶರೀರ

ಎರಡು ಮೂಳೆಗಳು ಕೂಡುವೆಡೆಯಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಕೀಲನ್ನು ಒಳಗಿನಿಂದ ಆವರಿಸಿದ ತೆಳುವಾದ ಸಂಧಿಪೊರೆಯು ಜಾರುವ ದ್ರವವನ್ನು ಸ್ರವಿಸಿ ಚಲನೆಯನ್ನು ಸುಗಮಗೊಳಿಸುತ್ತದೆ. ಇತ್ತ ಶರೀರದ ರೋಗನಿರೋಧಕ ವ್ಯವಸ್ಥೆಯು ಹೊರಗಿನಿಂದ ಬಂದ ಸೂಕ್ಷ್ಮಜೀವಿಗಳನ್ನು ಗುರುತಿಸಿ ಅಳಿಸುವ ಕಾವಲುಗಾರ. ತನ್ನದು ಯಾವುದು, ಅನ್ಯವಾದುದು ಯಾವುದು ಎಂಬ ವಿವೇಕವೇ ಅದರ ಸಾಮರ್ಥ್ಯದ ಮೂಲ. ಈ ವಿವೇಕ ತಪ್ಪಿ ಅದು ಸ್ವಂತ ಅಂಗಾಂಶಗಳ ಮೇಲೆಯೇ ದಾಳಿ ಮಾಡಿದರೆ ಉಂಟಾಗುವ ವ್ಯಾಧಿಗಳಿಗೆ ಸ್ವಯಂನಿರೋಧಕ ರೋಗಗಳೆಂದು ಹೆಸರು. ದಾಳಿಯು ಮುಖ್ಯವಾಗಿ ಸಂಧಿಪೊರೆಯ ಮೇಲೆ ನಡೆದರೆ ಒಂದು ರೋಗ. ಮೂಳೆಗೆ ಸ್ನಾಯುರಜ್ಜು ಅಂಟುವೆಡೆಯಲ್ಲಿ ನಡೆದರೆ ಇನ್ನೊಂದು. ಚರ್ಮ, ಮೂತ್ರಪಿಂಡ, ರಕ್ತಕಣಗಳವರೆಗೂ ಹಬ್ಬಿದರೆ ಮತ್ತೊಂದು. ದಾಳಿಯ ನೆಲೆ ಬೇರೆಯಾದರೂ ರೋಗಿಗೆ ಮೊದಲು ತಿಳಿಯುವುದು ಕೀಲಿನ ನೋವೇ. ಗೊಂದಲಕ್ಕೆ ಕಾರಣವಿದು.

ಮೊದಲ ಪ್ರಶ್ನೆ: ಉರಿಯೂತವೋ, ಸವೆತವೋ?

ಹೆಸರನ್ನು ಹುಡುಕುವ ಮುನ್ನ ವೈದ್ಯರು ಕೇಳುವ ಪ್ರಶ್ನೆಯೊಂದುಂಟು: ನೋವು ಯಾವ ಹೊತ್ತಿನಲ್ಲಿ ಹೆಚ್ಚು? ವಯಸ್ಸಿನೊಂದಿಗೆ ಬರುವ ಮೂಳೆ ಸವೆತದ ನೋವು ದುಡಿದಂತೆ ಏರಿ, ವಿಶ್ರಾಂತಿಯಿಂದ ಇಳಿಯುತ್ತದೆ. ಮುಂಜಾನೆಯ ಬಿಗಿತವಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಉರಿಯೂತದ ರೀತಿ ಇದಕ್ಕೆ ವಿರುದ್ಧ. ವಿಶ್ರಾಂತಿಯ ತರುವಾಯವೇ ಬಿಗಿತ ಹೆಚ್ಚು, ಎದ್ದ ಮೇಲೆ ಗಂಟೆಗಟ್ಟಲೆ ಬೆರಳು ಮಡಚಲಾಗದು, ಕೈಯಾಡಿಸಿದಂತೆ ಸರಾಗವಾಗುತ್ತದೆ. ಕೀಲು ಊದಿ, ಮುಟ್ಟಿದರೆ ಬೆಚ್ಚಗೆ, ಒತ್ತಿದರೆ ಮೆತ್ತಗೆ ಇರುತ್ತದೆ. ಸವೆತದ ಗಂಟು ಮೂಳೆಯಂತೆ ಗಟ್ಟಿ. ಈ ಒಂದು ಪ್ರಶ್ನೆಯೇ ಅರ್ಧ ದಾರಿಯನ್ನು ತೋರಿಸುತ್ತದೆ. ಉಳಿದರ್ಧವನ್ನು ತೋರಿಸುವವು ಮೂರು ಅಂಶಗಳು: ಯಾವ ಕೀಲುಗಳು, ಎಷ್ಟು ಕಾಲದಿಂದ, ಕೀಲಿನ ಹೊರಗೆ ಮತ್ತೇನಿದೆ?

ಅಡುಗೆಯ ತಾಯಿ: ರುಮಟಾಯ್ಡ್ ಸಂಧಿವಾತ

ಈ ತಾಯಿಯ ಎರಡೂ ಕೈಗಳ ಮಣಿಕಟ್ಟು, ಬೆರಳು ಅಂಗೈಗೆ ಕೂಡುವ ಗಿಣ್ಣು, ಬೆರಳಿನ ನಡುಗಿಣ್ಣು ಊದಿವೆ. ಪಾದದ ಮುಂಭಾಗವೂ ನೋಯುತ್ತದೆ. ಉಗುರಿನ ಹತ್ತಿರದ ತುದಿಗಿಣ್ಣುಗಳು ಮಾತ್ರ ಹಾಗೆಯೇ ಇವೆ. ಎಡಗೈಯಲ್ಲಿ ಕಂಡುದು ಬಲಗೈಯಲ್ಲಿಯೂ ಕಾಣುತ್ತದೆ. ಎರಡು ತಿಂಗಳಾದರೂ ಇಳಿದಿಲ್ಲ. ಇದು ರುಮಟಾಯ್ಡ್ ಸಂಧಿವಾತದ ವಿಶಿಷ್ಟ ಚಿತ್ರ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಊದಿದ ಸಂಧಿಪೊರೆಯು ಅಕ್ಕಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಒಮ್ಮೆ ಕೊರೆದ ಮೂಳೆಯು ಮೊದಲಿನಂತಾಗದು. ಬೆರಳುಗಳು ಹೊರಮಗ್ಗುಲಿಗೆ ಓರೆಯಾಗುತ್ತವೆ. ಈ ಕೊರೆತವು ಬಹಳ ಮಂದಿಯಲ್ಲಿ ಮೊದಲೆರಡು ವರ್ಷಗಳಲ್ಲಿಯೇ ಆರಂಭವಾಗುವುದರಿಂದ ಮೊದಲ ತಿಂಗಳುಗಳ ಚಿಕಿತ್ಸೆಗೆ ಅಷ್ಟೊಂದು ಬೆಲೆ.

ವಿದ್ಯಾರ್ಥಿನಿ: ಲೂಪಸ್

ಈ ಹುಡುಗಿಯ ಬೆರಳುಗಳೂ ಮುಂಜಾನೆ ಬಿಗಿಯುತ್ತವೆ. ಅಡುಗೆಯ ತಾಯಿಯ ಕೀಲುಗಳೇ ಇವಳಲ್ಲಿಯೂ ನೋಯುತ್ತವೆ. ಕೀಲಷ್ಟನ್ನೇ ನೋಡಿದವರು ಎರಡನ್ನೂ ಒಂದೆಂದು ತಿಳಿಯುವುದು ಸಹಜ. ಆದರೆ ಬಿಸಿಲಿಗೆ ಹೋದಾಗ ಇವಳ ಮೂಗಿನ ಸೇತುವೆಯಿಂದ ಎರಡೂ ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡುತ್ತದೆ. ಬಾಚಣಿಗೆಗೆ ಕೂದಲು ಕಂತೆಯಾಗಿ ಬರುತ್ತದೆ. ಅಂಗುಳಿನಲ್ಲಿ ನೋವಿಲ್ಲದ ಹುಣ್ಣು, ಆಗಾಗ ಸಣ್ಣ ಜ್ವರ, ಪಾಠದಲ್ಲಿ ಕೂರಲಾಗದಷ್ಟು ಆಯಾಸ. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಏನೂ ಅಲ್ಲವೆನಿಸೀತು. ಒಟ್ಟುಗೂಡಿಸಿದರೆ ಲೂಪಸ್ ಎಂಬ ರೋಗದ ಮುಖ ಮೂಡುತ್ತದೆ. ಯೌವನದ ಸ್ತ್ರೀಯರಲ್ಲಿ ಇದು ಪುರುಷರಿಗಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು.

ಲೂಪಸ್ ಸಾಮಾನ್ಯವಾಗಿ ಮೂಳೆಯನ್ನು ಕೊರೆಯದು. ಬೆರಳು ವಕ್ರವಾದರೂ ಕೈಯಿಂದ ಒತ್ತಿದರೆ ನೇರವಾಗುವುದುಂಟು. ಅಪಾಯವಿರುವುದು ಬೇರೆಡೆಯಲ್ಲಿ. ಮೂತ್ರಪಿಂಡವು ನೋವಿನ ಸುಳಿವನ್ನೇ ಕೊಡದೆ ಕೆಡುತ್ತ ಹೋಗಬಹುದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಅಗ್ಗದ, ಸರಳವಾದ ಪರೀಕ್ಷೆಯು ಇದನ್ನು ಬಯಲಿಗೆ ತರುತ್ತದೆ. ರಕ್ತದೊತ್ತಡವನ್ನು ಅಳೆಯುವುದೂ ಅಷ್ಟೇ ಅವಶ್ಯ. ಇಂತಹ ಹುಡುಗಿಯನ್ನು ಓದಿನಲ್ಲಿ ಅಲಕ್ಷ್ಯದವಳು, ಸೋಮಾರಿ ಎಂದು ಗದರಿಸಿ ಕೂರಿಸಿದರೆ ಕಳೆದುಹೋಗುವುದು ಒಂದು ವರ್ಷದ ಫಲಿತಾಂಶ ಮಾತ್ರವಲ್ಲ.

ಗಣಿತದ ಶಿಕ್ಷಕರು: ಸೋರಿಯಾಸಿಸ್ ಸಂಧಿವಾತ

ಇವರ ಬಲಗೈಯ ಒಂದು ಬೆರಳು ಬುಡದಿಂದ ತುದಿಯವರೆಗೆ ಇಡಿಯಾಗಿ ಊದಿದೆ. ಎಡಪಾದದ ಒಂದು ಬೆರಳೂ ಹಾಗೆಯೇ. ಎರಡೂ ಪಕ್ಕಗಳಲ್ಲಿ ಸಮವಾಗಿಲ್ಲ. ಅಡುಗೆಯ ತಾಯಿಯಲ್ಲಿ ಕ್ಷೇಮವಾಗಿದ್ದ ತುದಿಗಿಣ್ಣುಗಳೇ ಇವರಲ್ಲಿ ಊದಿವೆ. ಬೆಳಿಗ್ಗೆ ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತಾಗುತ್ತದೆ. ಉಗುರುಗಳ ಮೇಲೆ ಸೂಜಿಮೊನೆಯಿಂದ ಒತ್ತಿದಂತಹ ಸಣ್ಣ ಕುಳಿಗಳಿವೆ. ಚರ್ಮರೋಗವೇನಾದರೂ ಉಂಟೇ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ. ತಲೆಹೊಟ್ಟೆಂದು ಭಾವಿಸಿದ್ದುದು, ಕಿವಿಯ ಹಿಂದೆ, ಹೊಕ್ಕುಳಿನಲ್ಲಿ ಅಡಗಿದ್ದ ಬಿಳಿಹೊಪ್ಪಳೆಯ ಮಚ್ಚೆಯು ಸೋರಿಯಾಸಿಸ್ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಬಹುಮಂದಿಯಲ್ಲಿ ಚರ್ಮರೋಗವು ಮೊದಲು ಬಂದು, ಹಲವು ವರ್ಷಗಳ ಮೇಲೆ ಕೀಲುರೋಗವು ಬರುತ್ತದೆ. ಕೀಲು ನೋಡುವ ವೈದ್ಯನು ಉಗುರನ್ನೂ ನೋಡಬೇಕು; ಚರ್ಮ ನೋಡುವ ವೈದ್ಯನು ಕೀಲಿನ ವಿಚಾರವನ್ನೂ ಕೇಳಬೇಕು.

ಹಳೆಯ ವಿದ್ಯಾರ್ಥಿ: ಬೆನ್ನುಮೂಳೆಯ ಬಿಗಿತ

ತರುಣನಿಗೆ ಸೊಂಟದ ಕೆಳಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋವು. ರಾತ್ರಿಯ ಕೊನೆಯ ಜಾವದಲ್ಲಿ ನೋವಿನಿಂದ ಎಚ್ಚರವಾಗಿ ಎದ್ದು ನಡೆದಾಡಬೇಕು. ಕುಳಿತರೆ ಹೆಚ್ಚು, ವ್ಯಾಯಾಮ ಮಾಡಿದರೆ ಕಡಿಮೆ. ಹಿಂದೊಮ್ಮೆ ಕಣ್ಣು ಕೆಂಪಾಗಿ, ನೋವಾಗಿ, ಬೆಳಕನ್ನು ಸಹಿಸಲಾಗದಂತಾಗಿತ್ತು. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಲವತ್ತರೊಳಗಿನ ವಯಸ್ಸಿನಲ್ಲಿ ಆರಂಭವಾಗಿ, ಚಿಕಿತ್ಸೆಯಿಲ್ಲದಿದ್ದರೆ ಬೆನ್ನುಮೂಳೆಯ ಮಣಿಗಳನ್ನು ಕ್ರಮೇಣ ಒಂದಕ್ಕೊಂದು ಬೆಸೆದುಬಿಡುತ್ತದೆ. ಆರಂಭದ ವರ್ಷಗಳಲ್ಲಿ ಕ್ಷಕಿರಣ ಚಿತ್ರದಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ. ಚಿತ್ರವು ಮೊದಲೇ ತೋರಿಸಬಲ್ಲದು. ಸ್ತ್ರೀಯರಲ್ಲಿ ಇದು ಬಾರದೆಂಬ ಹಳೆಯ ನಂಬಿಕೆ ಸರಿಯಲ್ಲ.

ಬಾಲಕ: ರುಮಾಟಿಕ್ ಜ್ವರ

ಹೆಸರು ರುಮಟಾಯ್ಡನ್ನು ಹೋಲುತ್ತದೆ. ರೋಗ ಸಂಪೂರ್ಣ ಬೇರೆ. ಎರಡು-ಮೂರು ವಾರಗಳ ಹಿಂದೆ ಬಾಲಕನಿಗೆ ಗಂಟಲುನೋವು ಬಂದು ಹೋಗಿದೆ. ಈಗ ಜ್ವರದೊಂದಿಗೆ ಮೊಣಕಾಲು ಊದಿದೆ. ಎರಡು ದಿನಕ್ಕೆ ಅದಿಳಿದು ಪಾದದ ಗಂಟು, ಬಳಿಕ ಮೊಣಕೈ. ನೋವು ಕೀಲಿನಿಂದ ಕೀಲಿಗೆ ಸಂಚರಿಸುತ್ತದೆ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಶರೀರದ ಅಂಗಾಂಶಗಳನ್ನೇ ತಪ್ಪಾಗಿ ಗುರುತಿಸುವುದು ಇದಕ್ಕೆ ಕಾರಣ. ಐದರಿಂದ ಹದಿನೈದು ವಯಸ್ಸಿನ ಮಕ್ಕಳಲ್ಲಿ ಹೆಚ್ಚು. ಕೀಲುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ, ತಾಯಿತಂದೆಯರು ನಿಶ್ಚಿಂತರಾಗುತ್ತಾರೆ. ಆದರೆ ಹೃದಯದ ಕವಾಟಗಳಿಗೆ ತಗುಲಿದ ಪೆಟ್ಟು ಉಳಿಯಬಹುದು, ಪ್ರತಿಯೊಂದು ಮರುಕಳಿಕೆಯಿಂದಲೂ ಹೆಚ್ಚಬಹುದು. ಮೂರು-ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ತಪ್ಪದೆ ಪಡೆದರೆ ಮರುಕಳಿಕೆಯನ್ನು ತಡೆಯಬಹುದು.

ಹೋಲುವ ಇತರ ವ್ಯಾಧಿಗಳು

ಸ್ವಯಂನಿರೋಧಕವಲ್ಲದ ಕೆಲವು ವ್ಯಾಧಿಗಳೂ ಇದೇ ವೇಷದಲ್ಲಿ ಬರುತ್ತವೆ. ಗೌಟ್ ಸಾಮಾನ್ಯವಾಗಿ ಮಧ್ಯರಾತ್ರಿ ಹಠಾತ್ತನೆ ಕಾಲಿನ ಹೆಬ್ಬೆರಳಿನ ಬುಡವನ್ನು ಹಿಡಿಯುತ್ತದೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಹಬ್ಬಿ ಏಳು ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳು ದಾಖಲಾದುವು; ಊರಿಗೆ ಊರೇ ಕೋಲು ಹಿಡಿದು ನಡೆದುದನ್ನು ಕಂಡವರು ಮರೆತಿರಲಾರರು. ಆ ಜ್ವರದ ಬಳಿಕ ಉಳಿಯುವ ನೋವು ರುಮಟಾಯ್ಡ್ ಸಂಧಿವಾತವನ್ನು ಬಹುಮಟ್ಟಿಗೆ ಹೋಲುತ್ತದೆ. ಹಠಾತ್ ಜ್ವರ, ಅದೇ ಕಾಲಕ್ಕೆ ಮನೆಯವರಿಗೂ ನೆರೆಯವರಿಗೂ ಬಂದಿದ್ದ ಕಾಯಿಲೆ, ಇವು ಅದರ ಗುರುತು. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದ ರೋಗವು ಸೊಂಟದ ಕೀಲನ್ನು ಕೆಡಿಸಿ ನಡಿಗೆಯನ್ನೇ ಕಸಿಯುವುದಾದರೂ, ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಬೆಳವಣಿಗೆಯ ದೋಷವೇ ಹೊರತು ಉರಿಯೂತದ ರೋಗವಲ್ಲ. ಒಂದೇ ಕೀಲು ಕೆಂಪಾಗಿ ಊದಿ, ಮೈಸುಡುವ ಜ್ವರವಿದ್ದರೆ ಕೀಲಿನೊಳಗೆ ಕೀವು ತುಂಬಿರಬಹುದು. ಆಗ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ರಕ್ತಪರೀಕ್ಷೆಯ ಬೆಲೆ ಮತ್ತು ಮಿತಿ

ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆಯ ಫಲಿತವನ್ನೇ ರೋಗನಿರ್ಣಯವೆಂದು ತಿಳಿಯುವುದು ಸಾಮಾನ್ಯ ತಪ್ಪು. ಇದನ್ನು ಲೆಕ್ಕದಿಂದಲೇ ತಿಳಿಯಬಹುದು. ಸಾವಿರ ಮಂದಿ ವಯಸ್ಕರಲ್ಲಿ ಹತ್ತು ಮಂದಿಗೆ ಈ ರೋಗವಿದೆಯೆಂದೂ, ರೋಗವುಳ್ಳವರಲ್ಲಿ ನೂರಕ್ಕೆ 70 ಮಂದಿಯಲ್ಲಿ, ಇಲ್ಲದವರಲ್ಲಿ ನೂರಕ್ಕೆ 5 ಮಂದಿಯಲ್ಲಿ ಪರೀಕ್ಷೆ ಧನಾತ್ಮಕವಾಗುವುದೆಂದೂ ಇಟ್ಟುಕೊಳ್ಳಬಹುದು. ಆಗ ರೋಗಿಗಳಲ್ಲಿ 7 ಮಂದಿ, ಆರೋಗ್ಯವಂತರಲ್ಲಿ ಸುಮಾರು 50 ಮಂದಿ ಧನಾತ್ಮಕರು. ಒಟ್ಟು 57 ಮಂದಿಯಲ್ಲಿ ನಿಜವಾದ ರೋಗಿಗಳು 7 ಮಾತ್ರ. ಇತ್ತ ಮೂವರು ರೋಗಿಗಳ ಫಲಿತ ಋಣಾತ್ಮಕ. ಲಕ್ಷಣವಿಲ್ಲದವರಿಗೆ ಪರೀಕ್ಷೆ ಮಾಡಿಸಿ ಹೆದರುವುದೂ, ಲಕ್ಷಣ ಸ್ಪಷ್ಟವಾಗಿದ್ದರೂ ಫಲಿತ ಋಣಾತ್ಮಕವೆಂದು ಸುಮ್ಮನಿರುವುದೂ ಎರಡೂ ತಪ್ಪು. ಆಂಟಿ-ಸಿ.ಸಿ.ಪಿ. ಎಂಬ ನಂತರದ ಪರೀಕ್ಷೆಯು ಆರೋಗ್ಯವಂತರಲ್ಲಿ ಇನ್ನೂ ವಿರಳವಾಗಿ ಧನಾತ್ಮಕವಾಗುವುದರಿಂದ ಹೆಚ್ಚು ನಂಬಿಕೆಗೆ ಅರ್ಹ.

ಎ.ಎನ್.ಎ. ಪರೀಕ್ಷೆಯ ಮಾತೂ ಇದೇ. ಲೂಪಸ್ ಉಳ್ಳವರಲ್ಲಿ ಬಹುತೇಕ ಎಲ್ಲರಲ್ಲಿಯೂ ಅದು ಧನಾತ್ಮಕ. ಆದುದರಿಂದ ಋಣಾತ್ಮಕವಾದರೆ ಲೂಪಸ್ ಇರುವ ಸಂಭವ ಬಹಳ ಕಡಿಮೆ. ಆದರೆ ಆರೋಗ್ಯವಂತರಲ್ಲಿಯೂ ಹಲವರಿಗೆ ಧನಾತ್ಮಕವಾಗುವುದರಿಂದ ಅದೊಂದರಿಂದಲೇ ಲೂಪಸ್ ಎನ್ನಲಾಗದು. ಎಚ್.ಎಲ್.ಎ.-ಬಿ27 ಉಳ್ಳವರಲ್ಲಿಯೂ ಬಹುಪಾಲು ಮಂದಿಗೆ ಬೆನ್ನಿನ ರೋಗವು ಎಂದಿಗೂ ಬಾರದು. ಪರೀಕ್ಷೆಯು ಸಾಕ್ಷಿ, ತೀರ್ಪು ಕೊಡಬೇಕಾದವರು ರೋಗಿಯ ಕಥೆಯನ್ನು ಪೂರ್ಣ ಕೇಳಿ, ಮೈಯನ್ನು ಪೂರ್ಣ ನೋಡಿದ ವೈದ್ಯರು.

ವಿಭಜನೆಯಿಂದ ಆಗುವ ಪ್ರಯೋಜನ

ಹೆಸರು ಯಾವುದಾದರೇನು, ನೋವು ಹೋದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಅಡುಗೆಯ ತಾಯಿಗೆ ಮೆಥೋಟ್ರೆಕ್ಸೇಟ್ ಮುಖ್ಯ ಔಷಧ. ಅದೇ ಔಷಧದಿಂದ ತರುಣನ ಬೆನ್ನಿಗೆ ಹೆಚ್ಚಿನ ಪ್ರಯೋಜನವಿಲ್ಲ. ತರುಣನಿಗೆ ನೋವು-ಉರಿಯೂತದ ಗುಳಿಗೆಯೂ ದಿನನಿತ್ಯದ ವ್ಯಾಯಾಮವೂ ಮೊದಲ ಚಿಕಿತ್ಸೆ. ಅದೇ ಗುಳಿಗೆಗಳು ವಿದ್ಯಾರ್ಥಿನಿಯ ಪೆಟ್ಟುತಿಂದ ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡಬಲ್ಲವು. ಅವಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಬಿಸಿಲಿನಿಂದ ರಕ್ಷಣೆ, ಕಾಲಕಾಲಕ್ಕೆ ಮೂತ್ರ ಮತ್ತು ಕಣ್ಣಿನ ತಪಾಸಣೆ ಬೇಕು. ಗಣಿತದ ಶಿಕ್ಷಕರು ಸ್ಟೀರಾಯ್ಡ್ ಗುಳಿಗೆಗಳನ್ನು ನುಂಗಿ ಥಟ್ಟನೆ ಬಿಟ್ಟರೆ ಚರ್ಮರೋಗವು ಭೀಕರವಾಗಿ ಕೆರಳಬಹುದು.

ಸ್ಟೀರಾಯ್ಡಿನ ಕಥೆ ವಿಶೇಷ ಗಮನಕ್ಕೆ ಯೋಗ್ಯ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ರುಮಟಾಯ್ಡ್ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದವಳು ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಆದರೆ ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ, ಸೋಂಕು ಮೊದಲಾದ ಹಾನಿಗಳುಂಟೆಂದು ಬೇಗನೆ ತಿಳಿಯಿತು. ವೈದ್ಯರ ಕೈಯಲ್ಲಿ ಇಂದಿಗೂ ಅದು ಅಮೂಲ್ಯ ಔಷಧ. ಹೆಸರಿಲ್ಲದ ಪುಡಿಗಳಲ್ಲಿ, ಚೀಟಿಯಿಲ್ಲದ ಗುಳಿಗೆಗಳಲ್ಲಿ ಅದು ಬೆರೆತಿದ್ದರೆ ಮಾತ್ರ ಕೇಡು: ನೋವು ಮಾಯವಾಗುತ್ತದೆ, ರೋಗವು ಒಳಗೆ ನಡೆದೇ ಇರುತ್ತದೆ, ಗುರುತಿಸುವ ಚಿಹ್ನೆಗಳೂ ಮಸುಕಾಗುತ್ತವೆ. ಬಹುಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸುವುದೂ ಪ್ರಾಣಾಪಾಯಕರ. ವೈದ್ಯರ ಸಲಹೆಯಂತೆ ಕ್ರಮವಾಗಿ ಇಳಿಸಬೇಕು.

ಮೆಥೋಟ್ರೆಕ್ಸೇಟಿನ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಮಾತುಂಟು. ಈ ರೋಗಗಳಿಗೆ ಅದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ದಿನಕ್ಕೊಂದೆಂದು ತಪ್ಪು ತಿಳಿದು ನುಂಗಿದವರು ಪ್ರಾಣ ಕಳೆದುಕೊಂಡದ್ದುಂಟು. ಸೇವಿಸುವ ವಾರದ ದಿನವನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳುವುದು ಲೇಸು. ಗರ್ಭಿಣಿಯರಿಗೂ ಗರ್ಭ ಧರಿಸಬಯಸುವವರಿಗೂ ಅದು ವರ್ಜ್ಯ.

ಶಾಲೆಯ ಪಾಲು

ರೋಗನಿರ್ಣಯವು ವೈದ್ಯರ ಕೆಲಸ. ಆದರೆ ರೋಗಿಯನ್ನು ಮೊದಲು ಕಾಣುವವರು ವೈದ್ಯರಲ್ಲ. ಮಗುವಿನ ಅಕ್ಷರ ಕೆಟ್ಟುದನ್ನು, ಮುಂಜಾನೆಯ ಪ್ರಾರ್ಥನೆಯಲ್ಲಿ ನೆಲಕ್ಕೆ ಕೂರಲಾಗದುದನ್ನು, ಕೆನ್ನೆಯ ಕೆಂಪನ್ನು ದಿನವೂ ನೋಡುವವರು ಶಿಕ್ಷಕರು. ಸಹೋದ್ಯೋಗಿಯು ಸೀಮೆಸುಣ್ಣವನ್ನು ಎಡಗೈಗೆ ಬದಲಿಸಿದುದನ್ನು ಗಮನಿಸುವವರು ಸಹೋದ್ಯೋಗಿಗಳು. ಆರು ವಾರ ಮೀರಿದ ಊತ, ಅರ್ಧ ಗಂಟೆ ಮೀರಿದ ಮುಂಜಾನೆಯ ಬಿಗಿತ, ನಲವತ್ತರೊಳಗೆ ಬಂದು ಮೂರು ತಿಂಗಳು ಮೀರಿದ ಬೆನ್ನುನೋವು, ಗಂಟಲುನೋವಿನ ಬೆನ್ನಿಗೇ ಮಗುವಿಗೆ ಬಂದ ಕೀಲೂತ: ಈ ನಾಲ್ಕನ್ನು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸುವುದು ಶಾಲೆಯು ಮಾಡಬಹುದಾದ ಉಪಕಾರ. ಚುಚ್ಚುಮದ್ದಿನ ದಿನ ಬಾಲಕನಿಗೆ ರಜೆ, ಬಿಗಿದ ಬೆರಳಿನ ವಿದ್ಯಾರ್ಥಿನಿಗೆ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಅಡುಗೆಯ ತಾಯಿಗೆ ಕೆಲಕಾಲ ಹಗುರವಾದ ಕೆಲಸ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಇವುಗಳಿಗೆ ತಗಲುವ ವೆಚ್ಚ ದೊಡ್ಡದಲ್ಲ. ಸಂಸ್ಥೆಯ ಹಿತೈಷಿಗಳು ಮನಸ್ಸು ಮಾಡಿದರೆ ಕೈಗೂಡುವಂತಹದು.

ಈ ರೋಗಗಳಲ್ಲಿ ಹೆಚ್ಚಿನವು ಬುಡಸಹಿತ ಹೋಗುವಂತಹವಲ್ಲ. ಆದರೆ ಹಿಡಿತಕ್ಕೆ ಬರುವಂತಹವು. ಸಕಾಲದಲ್ಲಿ ಗುರುತಿಸಲ್ಪಟ್ಟರೆ ಅಡುಗೆಯ ತಾಯಿ ಮತ್ತೆ ರೊಟ್ಟಿ ತಟ್ಟಬಲ್ಲರು, ಶಿಕ್ಷಕರು ಪ್ರಮೇಯವನ್ನು ಹಲಗೆಯ ಮೇಲೆ ಬರೆಯಬಲ್ಲರು, ತರುಣನು ಬೆನ್ನು ನೆಟ್ಟಗಿಟ್ಟು ನಡೆಯಬಲ್ಲನು, ವಿದ್ಯಾರ್ಥಿನಿಯು ತನ್ನ ಪದವಿಯನ್ನು ಮುಗಿಸಬಲ್ಲಳು, ಬಾಲಕನು ಸ್ವಸ್ಥ ಹೃದಯದಿಂದ ಮೈದಾನದಲ್ಲಿ ಓಡಬಲ್ಲನು. ಅದಕ್ಕೆ ಬೇಕಾದುದು ಎಲ್ಲ ನೋವಿಗೂ ಒಂದೇ ಹೆಸರಿಟ್ಟು ಸುಮ್ಮನಾಗದೆ, ಪ್ರತಿಯೊಬ್ಬರ ನೋವನ್ನೂ ಬೇರೆಬೇರೆಯಾಗಿ ವಿಚಾರಿಸುವ ತಾಳ್ಮೆ.